ಅಂಗೈಯ ಆಣಿ, ಬೋರಿನ ಪಾಷಾಣ

ಕಾಲಿಗೆ ಆಣಿ ಬಿದ್ದಿತೆಂದು ನಮ್ಮ ಕಡೆ ದವಾಖಾನೆಗೆ ಹೋದವರನ್ನು ನಾನಂತೂ ಕಂಡಿಲ್ಲ. ಹಳೆಯ ಬ್ಲೇಡಿನಿಂದ ಹೆರೆಯುತ್ತಾರೆ, ಎಕ್ಕದ ಹಾಲು ಬಿಡುತ್ತಾರೆ, ಮರುದಿನ ಹೊಲಕ್ಕೆ ಹೋಗುತ್ತಾರೆ. ಅಂಗೈ ಗಡುಸಾಗಿದ್ದರೆ ಅದು ದುಡಿಯುವವರ ಲಕ್ಷಣ. ಮೆತ್ತನೆಯ ಅಂಗೈ ಕಂಡರೆ ನಗುವವರೇ ಹೆಚ್ಚು. ಯಾದಗಿರಿ, ಶಹಾಪುರ, ಸುರಪುರದ ಮಾತಿನಲ್ಲಿ ಜಡ್ಡು ಎಂದರೆ ಕಾಯಿಲೆ. ಕೊಡಲಿಯ ಕಾವು ಹಿಡಿದು ಹಿಡಿದು ದಪ್ಪಗಾದ ಚರ್ಮಕ್ಕೂ ಜಡ್ಡುಗಟ್ಟಿದೆ ಎನ್ನುತ್ತೇವೆ. ಸುರಪುರ ತಾಲ್ಲೂಕಿನ ಒಂದು ತಾಂಡಾದಲ್ಲಿ ಈ ಎರಡೂ ಜಡ್ಡುಗಳು ಒಂದೇ ಅಂಗೈಯಲ್ಲಿ ಒಂದರ ಹಿಂದೆ ಒಂದು ಅಡಗಿ ಕೂತಿದ್ದವು. ಅವನ್ನು ಬಿಡಿಸಿ ನೋಡಿದ ಬಗೆ ಹೇಗೆ ಎಂಬುದೇ ಈ ವಾರದ ವಿಷಯ.

ತಾಂಡಾದ ಹೆಸರು ಕಿರದಳ್ಳಿ ತಾಂಡಾ. ಅಲ್ಲಿನ ಜನರ ಅಂಗೈ, ಅಂಗಾಲುಗಳಲ್ಲಿ ಗಂಟುಗಂಟಾದ ಗಡಸು ಚರ್ಮ. ಎದೆಯ ಮೇಲೆ, ಬೆನ್ನ ಮೇಲೆ ಕಪ್ಪು ಚುಕ್ಕೆಗಳು, ಕೆಲವರಿಗೆ ಅವುಗಳ ನಡುವೆ ಬಿಳಿ ಚುಕ್ಕೆಗಳು. ಕುಡಿಯುತ್ತಿದ್ದುದು ಕೊಳವೆಬಾವಿಯ ತಿಳಿನೀರು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ದೋಷವಿಲ್ಲ. ಅದರೊಳಗಿದ್ದದ್ದು ಆರ್ಸೆನಿಕ್.

ಈ ಸೀಮೆಗೆ ಹೊರಗಿನಿಂದ ಬಂದ ಪಂಡಿತರೆಲ್ಲ ನೆಲದ ಒಳಗೇನಿದೆ ಎಂದು ನೋಡಲು ಬಂದವರೇ. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇಲ್ಲಿನ ಕಲ್ಗೋರಿಗಳನ್ನು ಅಗೆದು ನೋಡಿದ. ಪುರಾತತ್ವಜ್ಞ ಕೆ. ಪದ್ದಯ್ಯನವರು ಹುಣಸಗಿಯ ಕಣಿವೆಯಲ್ಲಿ ಆದಿಮಾನವನ ಕಲ್ಲಿನ ಆಯುಧಗಳನ್ನೂ ಬೂದಿಹಾಳದಲ್ಲಿ ಬೂದಿದಿಬ್ಬವನ್ನೂ ಅಗೆದು ಲೋಕಕ್ಕೆ ತೋರಿಸಿದರು. ಭೂವಿಜ್ಞಾನಿಗಳು ಹುಡುಕಿದ್ದು ಚಿನ್ನವನ್ನು. ಸುರಪುರದ ಸುತ್ತ ‘ಮಂಗಳೂರು ಹಸಿರುಶಿಲಾ ಪಟ್ಟಿ’ ಎಂದು ಅವರು ಕರೆಯುವ ಪುರಾತನ ಶಿಲೆಯ ಹಾಸೊಂದಿದೆ. ಈ ಮಂಗಳೂರು ಕಡಲತೀರದ್ದಲ್ಲ, ಇಲ್ಲಿನದೇ ಒಂದು ಹಳ್ಳಿ. ಕೃಷ್ಣೆಯ ಆಚೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಕೊಡುತ್ತಿರುವುದೂ ಇಂಥದೇ ಜಾತಿಯ ಶಿಲೆ. ಹಟ್ಟಿಯ ಗಣಿ ಇವತ್ತಿಗೂ ನಡೆಯುತ್ತಿದೆ. ಮಂಗಳೂರಿನ ಸುತ್ತ ಹಿಂದೆ ನಡೆದ ಚಿನ್ನದ ಕೆಲಸದ ಕುರುಹು ಮಾತ್ರ ಉಳಿದಿದೆ.

ಚಿನ್ನ ಇರುವಲ್ಲಿ ಅದರ ನೆಂಟನೊಬ್ಬ ಇರುತ್ತಾನೆ. ಇಂಥ ಶಿಲೆಗಳಲ್ಲಿ ಚಿನ್ನದ ಕಣಗಳು ಬಹಳ ಸಲ ಆರ್ಸೆನೊಪೈರೈಟ್ ಎಂಬ ಖನಿಜದ ಜೊತೆಗೆ ಕೂತಿರುತ್ತವೆ. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಖನಿಜ ಅದು. ಎಷ್ಟು ಅನ್ಯೋನ್ಯವೆಂದರೆ, ಚಿನ್ನ ಹುಡುಕುವವರು ಮೊದಲು ಮಣ್ಣಿನಲ್ಲಿ ಆರ್ಸೆನಿಕ್ ಹೆಚ್ಚಿದೆಯೇ ಎಂದು ನೋಡುತ್ತಾರೆ. ಅದು ಅವರಿಗೆ ದಾರಿ ತೋರುವ ಗುರುತು. ಬಂಡೆಯೊಳಗೆ ಮುಚ್ಚಿಕೊಂಡು ಇರುವವರೆಗೆ ಖನಿಜದಿಂದ ಅಪಾಯ ಕಡಿಮೆ. ಅಗೆದು, ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಉಳಿದದ್ದನ್ನು ಬಯಲಿಗೆ ಸುರಿದರೆ ಗಾಳಿ ಮಳೆ ಅದನ್ನು ತಿನ್ನುತ್ತವೆ, ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಗಣಿಯೇ ಇಲ್ಲದ ಕಡೆಯೂ ನೆಲದಾಳದ ಬಿರುಕುಗಳಲ್ಲಿ ನೀರು ಈ ಖನಿಜವನ್ನು ತಾಕಿ ಅದೇ ಕೆಲಸ ಮಾಡಬಲ್ಲದು. ಕನ್ನಡದಲ್ಲಿ ಪಾಷಾಣ ಎಂದರೆ ಕಲ್ಲೂ ಹೌದು, ವಿಷವೂ ಹೌದು. ಅದರಲ್ಲೂ ಆರ್ಸೆನಿಕ್ಕಿನ ಬಿಳಿ ಪುಡಿಗೇ ನಮ್ಮವರು ಪಾಷಾಣ ಎಂದು ಹೆಸರಿಟ್ಟದ್ದು. ಕಿರದಳ್ಳಿಯಲ್ಲಿ ಆ ಎರಡು ಅರ್ಥಗಳೂ ಒಂದಾಗಿದ್ದವು.

ಇದನ್ನು ಅಳೆದು ದಾಖಲಿಸಿದ ಮುಖ್ಯ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮುಂದಾಳು ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ. ಬಂಗಾಳದ ಹಳ್ಳಿಹಳ್ಳಿ ತಿರುಗಿ ಆರ್ಸೆನಿಕ್ ಅಳೆಯುವುದರಲ್ಲೇ ಮೂವತ್ತು ವರ್ಷ ಕಳೆದು 2018ರಲ್ಲಿ ತೀರಿಕೊಂಡವರು. ಅವರ ಜೊತೆ ವಿಜಯಪುರದ ವೈದ್ಯಕೀಯ ಕಾಲೇಜಿನವರೂ ಇದ್ದರು. 59 ಕೊಳವೆಬಾವಿಗಳ ನೀರು ಪರೀಕ್ಷಿಸಿದರು. ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಿತ್ತು. ಎಲ್ಲಕ್ಕಿಂತ ಹೆಚ್ಚಿದ್ದ ಬಾವಿಯಲ್ಲಿ 303. ಈ 10 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಒಪ್ಪುವುದೂ ಅದನ್ನೇ. ಅದು ಎಷ್ಟು ಸಣ್ಣ ಮೊತ್ತ ಎಂದರೆ, ಐದು ಸಾವಿರ ಲೀಟರಿನ 20 ಟ್ಯಾಂಕರು ನೀರಿಗೆ ಒಂದೇ ಒಂದು ಗ್ರಾಂ. ಇಷ್ಟರಿಂದ ಏನಾದೀತು ಎನ್ನಿಸುವುದು ಸಹಜ. ಒಂದು ದಿನ ಕುಡಿದರೆ ಏನೂ ಆಗದು. ಹುಟ್ಟಿದಾಗಿನಿಂದ ಅದನ್ನೇ ಕುಡಿದು, ಅದರಲ್ಲೇ ಅನ್ನ ಬೇಯಿಸಿ, ನಲವತ್ತಮೂರು ಡಿಗ್ರಿ ಬಿಸಿಲಿನಲ್ಲಿ ಕೂಲಿ ಮಾಡುತ್ತ ದಿನಕ್ಕೆ ನಾಲ್ಕೈದು ಲೀಟರು ಹೊಟ್ಟೆಗೆ ಹಾಕಿಕೊಂಡರೆ ಲೆಕ್ಕ ಬೇರೆ. ಮಿತಿಗಳನ್ನು ನಿಗದಿ ಮಾಡುವಾಗ ಸಾಮಾನ್ಯವಾಗಿ ಒಬ್ಬ ವಯಸ್ಕ ದಿನಕ್ಕೆ ಎರಡು ಲೀಟರು ಕುಡಿಯುತ್ತಾನೆ ಎಂದು ಎಣಿಸುತ್ತಾರೆ. ಆ ಎರಡು ಲೀಟರಿನ ಮನುಷ್ಯ ಯಾವ ಊರಿನವನೋ, ವೈಶಾಖದಲ್ಲಿ ನಮ್ಮ ಕಡೆಯ ಹೊಲಕ್ಕೆ ಇಳಿದವನಂತೂ ಅಲ್ಲ.

ಚರ್ಮ ಪರೀಕ್ಷಿಸಿದ್ದು 181 ಜನರದು. ಅವರಲ್ಲಿ ಶೇ 58.6 ಮಂದಿಗೆ ಆರ್ಸೆನಿಕ್ಕಿನ ಚರ್ಮಲಕ್ಷಣಗಳಿದ್ದವು, ಅಂದರೆ ನೂರಕ್ಕೂ ಹೆಚ್ಚು ಜನ. 171 ಜನರ ಕೂದಲು, ಉಗುರು ಕತ್ತರಿಸಿ ಪರೀಕ್ಷೆ ಮಾಡಿದರೆ ಎಲ್ಲರಲ್ಲೂ ಆರ್ಸೆನಿಕ್ ಹೆಚ್ಚಾಗಿಯೇ ಇತ್ತು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ದೇಹಕ್ಕೆ ವಿಷ ಹೊಕ್ಕದ್ದು ಎಲ್ಲರಿಗೂ; ಚರ್ಮದಲ್ಲಿ ಕಂಡದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ ಮಾತ್ರ. ಉಳಿದವರು ಆರೋಗ್ಯವಂತರೆಂದು ಅರ್ಥವಲ್ಲ. ಚರ್ಮದ ಬದಲಾವಣೆ ತೋರಲು ಸಾಮಾನ್ಯವಾಗಿ ಐದು ಹತ್ತು ವರ್ಷ ಬೇಕು. ಊಟದ ಪೌಷ್ಟಿಕತೆ, ವಯಸ್ಸು, ಆರ್ಸೆನಿಕ್ಕನ್ನು ಹೊರಹಾಕುವ ದೇಹದ ಶಕ್ತಿ, ಇವೆಲ್ಲ ಒಬ್ಬೊಬ್ಬರಲ್ಲಿ ಒಂದೊಂದು ತರಹ.

ದೇಹದಲ್ಲಿ ಈ ವಿಷದ ಮೂರು ಗಡಿಯಾರಗಳಿವೆ ಎನ್ನಬಹುದು. ಮೂತ್ರ ಹೇಳುವುದು ಈ ವಾರದ ಸುದ್ದಿ, ಏಕೆಂದರೆ ಕುಡಿದ ಆರ್ಸೆನಿಕ್ಕಿನ ದೊಡ್ಡ ಪಾಲು ಕೆಲವೇ ದಿನಗಳಲ್ಲಿ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಕೂದಲು, ಉಗುರು ಹೇಳುವುದು ತಿಂಗಳುಗಳ ಸುದ್ದಿ. ಅವೆರಡೂ ಕೆರಾಟಿನ್ ಎಂಬ ಸಸಾರಜನಕದಿಂದ ಆದವು. ಕೆರಾಟಿನ್‌ನಲ್ಲಿ ಗಂಧಕ ಹೆಚ್ಚು, ಗಂಧಕಕ್ಕೆ ಆರ್ಸೆನಿಕ್ ಅಂಟಿಕೊಳ್ಳುತ್ತದೆ. ಬಂಡೆಯಲ್ಲೂ ಗಂಧಕದ ಜೊತೆ, ದೇಹದಲ್ಲೂ ಗಂಧಕದ ಜೊತೆ. ಅದರ ಸ್ನೇಹ ಬದಲಾಗುವುದಿಲ್ಲ. ಚರ್ಮದ್ದು ವರ್ಷಗಳ ಲೆಕ್ಕ. ಅಲ್ಲಿ ಬರೆದದ್ದು ಬಾವಿ ಬದಲಿಸಿದ ಮೇಲೂ ಬೇಗ ಅಳಿಸುವುದಿಲ್ಲ.

ಬಂಗಾಳದಲ್ಲಿ ಈ ಬರಹವನ್ನು ಮೊದಲು ಓದಿದ್ದು ಒಬ್ಬ ಚರ್ಮವೈದ್ಯರು. 1983ರಲ್ಲಿ ಕಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ಗೆ ಇಪ್ಪತ್ನಾಲ್ಕು ಪರಗಣದ ಹಳ್ಳಿಯಿಂದ ರೋಗಿಗಳು ಬಂದರು. ನೋಡಿದವರು ಡಾ. ಕೆ.ಸಿ. ಸಾಹಾ. ಅಂಗೈ ಗಡುಸು, ಮೈಮೇಲೆ ಮಳೆಹನಿ ಬಿದ್ದ ಧೂಳಿನ ಹಾಗೆ ಚುಕ್ಕೆ. ಸಾಹಾ ಮುಲಾಮು ಬರೆದುಕೊಟ್ಟು ಕಳಿಸಬಹುದಿತ್ತು. ಅವರು ಕೇಳಿದ್ದು ನೀರಿನ ಬಗ್ಗೆ. ಬಂಗಾಳ, ಬಾಂಗ್ಲಾದೇಶದಲ್ಲಿ ಕೋಟ್ಯಂತರ ಜನ ಕುಡಿಯುವ ನೀರಿನ ದುರಂತ ತಿಳಿಯುತ್ತ ಹೋದದ್ದು ಹೊರರೋಗಿ ವಿಭಾಗದ ಆ ಪ್ರಶ್ನೆಯಿಂದ. ಅಲ್ಲಿ ನದಿ ತಂದು ಹಾಕಿದ ಮೆಕ್ಕಲು ಮಣ್ಣು, ಇಲ್ಲಿ ಗಟ್ಟಿ ಬಂಡೆ. ನೆಲ ಬೇರೆಯಾದರೂ ಅಂಗೈ ಒಂದೇ ತರಹ.

ಹಾಗಾದರೆ ದುಡಿಮೆಯ ಜಡ್ಡಿಗೂ ಈ ಜಡ್ಡಿಗೂ ವ್ಯತ್ಯಾಸ ಗೊತ್ತು ಮಾಡುವುದು ಹೇಗೆ? ದುಡಿಮೆಯ ಗಡಸುತನ ಉಜ್ಜುವ ಜಾಗದಲ್ಲಿ ಇರುತ್ತದೆ: ಬೆರಳ ಬುಡ, ಹಿಡಿಕೆ ತಾಕುವ ಕಡೆ, ಹಿಮ್ಮಡಿ. ಬಲಗೈಯವನಿಗೆ ಬಲಗೈಯಲ್ಲೇ ಹೆಚ್ಚು. ಆರ್ಸೆನಿಕ್ಕಿನದು ಎರಡೂ ಅಂಗೈ, ಎರಡೂ ಅಂಗಾಲಿನಲ್ಲಿ ಸಮವಾಗಿ ಏಳುತ್ತದೆ. ಉಜ್ಜದ ನಡು ಅಂಗೈಯನ್ನೂ ಬಿಡುವುದಿಲ್ಲ. ಮೊದಮೊದಲು ಕಣ್ಣಿಗೆ ಕಾಣದು, ಬೆರಳಾಡಿಸಿದರೆ ರವೆ ಚೆಲ್ಲಿದ ಹಾಗೆ ತರಿತರಿಯಾಗಿ ಹತ್ತುತ್ತದೆ. ಆಮೇಲೆ ಜೋಳದ ಕಾಳಿನಷ್ಟು, ಇನ್ನೂ ದೊಡ್ಡ ಗಂಟು. ಜೊತೆಗೆ ಮೈಮೇಲಿನ ಚುಕ್ಕೆ. ಅದೂ ಬಿಸಿಲು ಬೀಳದ, ಅಂಗಿಯೊಳಗಿನ ಎದೆ ಬೆನ್ನಿನಲ್ಲಿ. ಅಂಗಿ ಬಿಚ್ಚಿಸದೆ ಕೈ ಮಾತ್ರ ನೋಡುವ ವೈದ್ಯರಿಗೆ ಅರ್ಧ ಪುಟವೇ ಸಿಕ್ಕಂತಾಯಿತು. ಹೆಣ್ಣುಮಕ್ಕಳ ವಿಷಯದಲ್ಲಿ ಆ ಅರ್ಧ ಪುಟ ಬಹಳ ಸಲ ಮುಚ್ಚಿಯೇ ಉಳಿಯುತ್ತದೆ.

ಬಿಳಿ ಚುಕ್ಕೆ ಕಂಡ ಕೂಡಲೇ ಊರಿನಲ್ಲಿ ಎರಡು ಮಾತು ಹುಟ್ಟುತ್ತವೆ, ತೊನ್ನು ಅಥವಾ ಕುಷ್ಠ. ಎರಡನೆಯದು ಬಾಯಿಗೆ ಬಂದರೆ ಮದುವೆಯ ಮಾತು ನಿಂತುಹೋಗುತ್ತದೆ. ಆರ್ಸೆನಿಕ್ಕಿನ ಚುಕ್ಕೆಗಳು ಚಿಕ್ಕವು, ಬಹಳ, ಕಪ್ಪಿನ ನಡುವೆ ಚದುರಿದವು, ಮುಟ್ಟಿದರೆ ತಿಳಿಯುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂಕಾಗಿರುತ್ತದೆ; ಹತ್ತಿಯ ಎಳೆ ಆಡಿಸಿದರೂ ಗೊತ್ತಾಗದು. ಹತ್ತಿ ಬೆಳೆಯುವ ಸೀಮೆಯಲ್ಲಿ ಈ ಪರೀಕ್ಷೆಗೆ ಖರ್ಚು ಏನೂ ಇಲ್ಲ. ಕುಷ್ಠವೇ ಆಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಬಹುಔಷಧ ಚಿಕಿತ್ಸೆ ಉಚಿತ, ಆರು ತಿಂಗಳಿಂದ ಒಂದು ವರ್ಷದಲ್ಲಿ ಗುಣ. ವಿಚಿತ್ರವೆಂದರೆ, ಜನ ಹೆದರುವ ಕುಷ್ಠಕ್ಕೆ ಖಚಿತ ಮದ್ದಿದೆ. ಜನ ನಿರ್ಲಕ್ಷಿಸುವ ಆಣಿಗೆ ಅಂಥ ಮದ್ದಿಲ್ಲ.

ಕಣ್ಣಿನ ತೀರ್ಮಾನಕ್ಕೆ ಆಧಾರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಷೇತ್ರ ಕೈಪಿಡಿಯ ಪ್ರಕಾರ ಚರ್ಮದ ಲಕ್ಷಣದ ಜೊತೆಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಕೆಟ್ಟ ನೀರು ಕುಡಿದ ದಾಖಲೆಯಾದರೂ ಇರಬೇಕು, ಇಲ್ಲವೇ ಕೂದಲಿನಲ್ಲಿ ಕಿಲೋಗೆ 1 ಮಿಲಿಗ್ರಾಂ, ಉಗುರಿನಲ್ಲಿ ಒಂದೂವರೆ ಮಿಲಿಗ್ರಾಂ ಮೀರಿದ ಆರ್ಸೆನಿಕ್ ಸಿಗಬೇಕು. ಸಂಶಯವಿದ್ದರೆ ಬಯಾಪ್ಸಿ: ಮರಗಟ್ಟಿಸಿ, ಪೆನ್ಸಿಲಿನಷ್ಟು ಸಣ್ಣ ಕೊಳವೆ ಅಲಗಿನಿಂದ ಚರ್ಮದ ಒಂದು ಬಿಲ್ಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇಲ್ಲಿನ ಅಧ್ಯಯನದಲ್ಲಿ ಹೀಗೆ ನೋಡಿದ್ದು ನಾಲ್ವರ ಚರ್ಮವನ್ನು. ದೃಢಪಟ್ಟದ್ದು ಮೂವರಲ್ಲಿ. ನಾಲ್ಕಕ್ಕೆ ನಾಲ್ಕೂ ಎಂದು ಬರೆದಿದ್ದರೆ ಕೇಳಲು ಚೆಂದವಿರುತ್ತಿತ್ತು, ಮೂರು ಎಂದು ಬರೆದದ್ದರಿಂದ ನನಗೆ ಉಳಿದ ಅಂಕಿಗಳ ಮೇಲೂ ನಂಬಿಕೆ ಬಂತು.

ಇಷ್ಟೆಲ್ಲ ಲಕ್ಷಣಗಳಿದ್ದರೂ ವರ್ಷಗಟ್ಟಲೆ ಯಾರೂ ಯಾಕೆ ದೂರು ಹೇಳುವುದಿಲ್ಲ? ಒಂದು ಕಾರಣ ನನಗೆ ಸ್ಪಷ್ಟ. ಆರ್ಸೆನಿಕ್ಕಿನ ಚುಕ್ಕೆ ಸಾಮಾನ್ಯವಾಗಿ ತುರಿಸುವುದಿಲ್ಲ. ನಮ್ಮಲ್ಲಿ ಚರ್ಮದ ರೋಗ ಎಂದರೆ ತುರಿಕೆ. ಹುಳುಕಡ್ಡಿ, ಗಜಕರ್ಣ, ಕಜ್ಜಿ, ಇಸಬು, ಇವು ರಾತ್ರಿ ನಿದ್ದೆ ಕೆಡಿಸುತ್ತವೆ, ಆದ್ದರಿಂದ ಬೆಳಗ್ಗೆ ಔಷಧಿ ಅಂಗಡಿಯ ಮುಂದೆ ನಿಲ್ಲಿಸುತ್ತವೆ. ತುರಿಸದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ತುರಿಸುವವರ ಕಥೆಯೂ ಸುಖದ್ದಲ್ಲ. ಸುರಪುರದ ಬಸ್ ನಿಲ್ದಾಣದ ಹತ್ತಿರವೋ ಶಹಾಪುರದ ಪೇಟೆಯಲ್ಲೋ ಹುಳುಕಡ್ಡಿಗೆ ಏನಾದರೂ ಕೊಡಿ ಎಂದು ಕೇಳಿದರೆ, ಬೇರೆ ಊರುಗಳ ಹಾಗೆಯೇ, ಸಿಗುವುದು ಬಹುತೇಕ ಮಿಶ್ರ ಮುಲಾಮು: ಶಿಲೀಂಧ್ರಕ್ಕೊಂದು, ಬ್ಯಾಕ್ಟೀರಿಯಕ್ಕೊಂದು, ಜೊತೆಗೆ ಪ್ರಬಲ ಸ್ಟೀರಾಯ್ಡ್. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ನಿಂತದ್ದು ದೇಹದ ಕಾವಲು. ಶಿಲೀಂಧ್ರ ಅಡಗಿ ಹರಡುತ್ತಿರುತ್ತದೆ. ಟ್ಯೂಬು ಮುಗಿದ ವಾರಕ್ಕೆ ಇಮ್ಮಡಿಯಾಗಿ ಏಳುತ್ತದೆ, ಆಗ ಉಂಗುರದ ಆಕಾರವೂ ಕೆಟ್ಟಿರುವುದರಿಂದ ವೈದ್ಯರಿಗೂ ಗುರುತು ಹತ್ತುವುದು ಕಷ್ಟ. ಪ್ರಬಲ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಮಾಡಿತು. ಅಂಗಡಿಯ ಗಾಜಿನ ಕಪಾಟಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ.

ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಜಯ್ ಸಿಂಗ್ ಮತ್ತು ಸಂಗಡಿಗರು ಇದೇ ಹುಳುಕಡ್ಡಿಯ 200 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಗುಳಿಗೆ ಕೊಟ್ಟು ನೋಡಿದರು. ಎಂಟು ವಾರದಲ್ಲಿ ಗುಣವಾದವರು ಇಟ್ರಾಕೊನಜೋಲ್ ತೆಗೆದುಕೊಂಡವರಲ್ಲಿ ಶೇ 66, ಫ್ಲುಕೊನಜೋಲ್‌ನಲ್ಲಿ 42, ಟರ್ಬಿನಾಫಿನ್‌ನಲ್ಲಿ 28, ಗ್ರಿಸಿಯೊಫುಲ್ವಿನ್‌ನಲ್ಲಿ 14. ಟರ್ಬಿನಾಫಿನ್ ಪಠ್ಯಪುಸ್ತಕದ ಮೊದಲ ಮದ್ದು. ಪುಸ್ತಕ ಓದಿಕೊಂಡ ಶಿಲೀಂಧ್ರ ಬೇರೆ, ಈಗ ನಮ್ಮ ಮೈಮೇಲಿರುವುದು ಬೇರೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೊಸ ಹೆಸರನ್ನೇ ಇಟ್ಟರು. ಹೆಸರಿನಲ್ಲಿ ಇಂಡಿಯಾ ಇದೆ, ಹೆಮ್ಮೆಪಡುವಂಥದಲ್ಲ.

ತಿರುಗಿ ಆಣಿಗೆ ಬರುತ್ತೇನೆ, ಏಕೆಂದರೆ ಚಿಕಿತ್ಸೆಯ ಸಂಶೋಧನೆಯಲ್ಲಿ ನನಗೆ ಬಹಳ ಹಿಡಿಸಿದ ಪ್ರಯೋಗ ಅದರದು. ಸೀಸ, ಪಾದರಸದಂಥ ಲೋಹಗಳು ಮೈಸೇರಿದಾಗ ಅವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೊಯ್ಯುವ ಔಷಧಗಳಿವೆ. ಅವುಗಳಲ್ಲಿ ಹಲವಕ್ಕೆ ಗಂಧಕವೇ ಕೊಕ್ಕೆ. ಆರ್ಸೆನಿಕ್ಕಿಗೂ ಇದು ಆಗಬಹುದಲ್ಲ ಎಂದು ಕೋಲ್ಕತ್ತದ ಡಾ. ಡಿ.ಎನ್. ಗುಹಾ ಮಜುಂದಾರ್ ಡಿಎಂಎಸ್‌ಎ ಎಂಬ ಔಷಧವನ್ನು ಪರೀಕ್ಷೆಗಿಟ್ಟರು. 21 ರೋಗಿಗಳು, 11 ಜನಕ್ಕೆ ಔಷಧ, 10 ಜನಕ್ಕೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆ. 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧ ತೆಗೆದುಕೊಂಡವರು ಸುಧಾರಿಸಿದ್ದರು. ಅಷ್ಟನ್ನೇ ನೋಡಿ ನಿಲ್ಲಿಸಿದ್ದರೆ ಊರೂರಿಗೆ ಆ ಔಷಧ ಹಂಚುವ ಯೋಜನೆ ಹುಟ್ಟುತ್ತಿತ್ತು. ಆದರೆ ಹುಸಿಗುಳಿಗೆ ತಿಂದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದ್ದರು. ಇಬ್ಬರಿಗೂ ಸಮನಾಗಿ ಸಿಕ್ಕದ್ದು ಆರೈಕೆ, ಮತ್ತು ಕೆಟ್ಟ ನೀರಿನಿಂದ ದೂರ. ಗುಣ ಮಾಡಿದ್ದು ಅದೇ ಎಂದು ನಾನು ಓದಿಕೊಳ್ಳುತ್ತೇನೆ. ಹೋಲಿಸಿ ನೋಡಲು ಎರಡನೆಯ ಗುಂಪು ಇಲ್ಲದ ಚಿಕಿತ್ಸೆಯ ಕಥೆಗಳನ್ನು ಕೇಳಿದಾಗಲೆಲ್ಲ ನನಗೆ ಆ ಹತ್ತು ಜನ ನೆನಪಾಗುತ್ತಾರೆ.

ಗುಹಾ ಮಜುಂದಾರ್ ಅವರೇ 2001ರಲ್ಲಿ ಡಿಎಂಪಿಎಸ್ ಎಂಬ ಇನ್ನೊಂದು ಔಷಧದಿಂದ ಹುಸಿಗುಳಿಗೆಗಿಂತ ಹೆಚ್ಚು ಪ್ರಯೋಜನ ಕಂಡರು, ಆಗಲೂ ರೋಗಿಗಳು ಇಪ್ಪತ್ತೊಂದೇ. ಒಂದು ತಾಂಡಾದ ನೂರು ಜನರಿಗೆ ಧೈರ್ಯದಿಂದ ಕೊಡಲು ಅಷ್ಟು ಸಾಲದು. ಕೈಗೆಟಕುವುದು ಸರಳವಾದದ್ದು: ಸ್ಯಾಲಿಸಿಲಿಕ್ ಆಮ್ಲದ, ಯೂರಿಯಾದ ಮುಲಾಮು ಹಚ್ಚಿ ಗಡಸು ಚರ್ಮವನ್ನು ಮೆತ್ತಗೆ ಮಾಡಿ ತೆಗೆಯುವುದು, ಸೀಳು ಬಿಟ್ಟ ಅಂಗಾಲಿಗೆ ಕೀವು ತುಂಬದಂತೆ ಕಾಯುವುದು, ಮೊಟ್ಟೆ ಬೇಳೆ ಸೊಪ್ಪಿನ ಊಟ. ಯೂರಿಯಾ ಎಂದ ಕೂಡಲೇ ಗೊಬ್ಬರದ ಚೀಲ ಬಿಚ್ಚಬೇಡಿ, ಔಷಧದ್ದು ಬೇರೆ. ಇನ್ನು ಬ್ಲೇಡಿನಿಂದ ಹೆರೆಯುವುದು ಬೇಡವೇ ಬೇಡ, ಏಕೆಂದರೆ ಇಂಥ ಗಂಟುಗಳಲ್ಲಿ ಕೆಲವು ಕ್ಯಾನ್ಸರಿನ ಕಡೆಗೆ ತಿರುಗುತ್ತವೆ. ಒಮ್ಮೆಲೇ ಬೆಳೆಯುವ, ರಕ್ತ ಬರುವ, ವಾಸಿಯಾಗದ ಹುಣ್ಣಾಗುವ ಗಂಟನ್ನು ತಡಮಾಡದೆ ತೆಗೆಸಿ ಪರೀಕ್ಷೆಗೆ ಕಳಿಸಬೇಕು.

ಆರ್ಸೆನಿಕ್ಕಿಗೂ ಚರ್ಮದ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯರು ಮೊದಲು ಕಂಡದ್ದು ನೀರಿನಲ್ಲಲ್ಲ, ತಮ್ಮದೇ ಔಷಧದ ಬಾಟಲಿಯಲ್ಲಿ. 1786ರಲ್ಲಿ ಇಂಗ್ಲೆಂಡಿನ ಥಾಮಸ್ ಫೌಲರ್ ಪ್ರಚಾರಕ್ಕೆ ತಂದ ಆರ್ಸೆನಿಕ್ ದ್ರಾವಣವನ್ನು ನೂರಕ್ಕೂ ಹೆಚ್ಚು ವರ್ಷ ಜ್ವರಕ್ಕೆ, ಆಮೇಲೆ ಸೋರಿಯಾಸಿಸ್‌ಗೆ ಕುಡಿಸಿದರು. 1887ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್ ಹಾಗೆ ಕುಡಿದವರ ಅಂಗೈಯಲ್ಲಿ ಗಂಟು, ಗಂಟಿನಲ್ಲಿ ಕ್ಯಾನ್ಸರ್ ಕಂಡ. ಚರ್ಮದ ರೋಗಕ್ಕೆ ಕೊಟ್ಟ ಮದ್ದೇ ಇನ್ನೊಂದು ಚರ್ಮರೋಗ ತಂದಿತ್ತು. 1968ರಲ್ಲಿ ತೈವಾನಿನ ಟ್ಸೆಂಗ್ ಮತ್ತು ಸಂಗಡಿಗರು ಆರ್ಸೆನಿಕ್ ನೀರು ಕುಡಿದ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಸಾವಿರಕ್ಕೆ ಸುಮಾರು ಹತ್ತು ಮಂದಿಗೆ ಚರ್ಮದ ಕ್ಯಾನ್ಸರ್ ಇತ್ತು. ಚಿಲಿ ದೇಶದ ಆಂಟೊಫಗಾಸ್ಟ ಪಟ್ಟಣದ್ದು ಇನ್ನೊಂದು ಪಾಠ. ಅಲ್ಲಿ 1958ರಿಂದ 1970ರವರೆಗೆ ನಲ್ಲಿಯಲ್ಲಿ ಬಂದದ್ದು ಲೀಟರಿಗೆ 800 ಮೈಕ್ರೊಗ್ರಾಂ ಮೀರಿದ ನೀರು. ಆಮೇಲೆ ಶುದ್ಧೀಕರಣ ಘಟಕ ಬಂದು ನೀರು ಸರಿಯಾಯಿತು. ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿನ ಸಾವುಗಳು ಮಾತ್ರ ದಶಕಗಳ ನಂತರವೂ ಏರಿಯೇ ಇದ್ದವು. ಅಂದರೆ ಬಾವಿಗೆ ಬೀಗ ಹಾಕಿದ ದಿನ ಕಡತ ಮುಚ್ಚುವ ಹಾಗಿಲ್ಲ. ಒಮ್ಮೆ ಹೆಸರು ಬರೆದುಕೊಂಡ ಪ್ರತಿಯೊಬ್ಬರನ್ನೂ ವರ್ಷಕ್ಕೊಮ್ಮೆಯಾದರೂ ಕರೆದು ಅಂಗೈ ನೋಡಬೇಕು, ಕೆಮ್ಮು ಕೇಳಬೇಕು, ಮೂತ್ರದಲ್ಲಿ ರಕ್ತವಿದೆಯೇ ಎಂದು ನೋಡಬೇಕು.

ನಮ್ಮ ಕಡೆ ಇದು ಹೇಳಿದಷ್ಟು ಸುಲಭವಲ್ಲ. ಹಿಂಗಾರು ಮುಗಿದರೆ ತಾಂಡಾದ ಅರ್ಧ ಜನ ಗುಳೆ ಹೋಗಿರುತ್ತಾರೆ, ಬೆಂಗಳೂರಿನ ಕಟ್ಟಡಕ್ಕೋ ಪುಣೆ ಮುಂಬೈಗೋ. ತಪಾಸಣೆಯ ಶಿಬಿರ ಬಂದ ದಿನ ಮನೆಯಲ್ಲಿರುವುದು ಮುದುಕರು, ಮಕ್ಕಳು. ಬೆಂಗಳೂರಿನ ವೈದ್ಯರ ಮುಂದೆ ಅಂಗೈ ಚಾಚಿದ ಕೂಲಿಯವನಿಗೆ ಅಲ್ಲಿ ಸಿಮೆಂಟಿನ ಅಲರ್ಜಿ ಎಂಬ ಹೆಸರು ಸುಲಭವಾಗಿ ಸಿಗುತ್ತದೆ. ಊರು ಯಾವುದು ಎಂದು ಕೇಳಿದರೂ, ಯಾದಗಿರಿ ಎಂಬ ಉತ್ತರದಿಂದ ಆರ್ಸೆನಿಕ್ ನೆನಪಾಗುವಷ್ಟು ಈ ವಿಷಯ ವೈದ್ಯರ ಪಾಠದಲ್ಲಿ ಇಳಿದಿಲ್ಲ. ಆರ್ಸೆನಿಕ್ ಎಂದರೆ ಅವರಿಗೂ ಬಂಗಾಳವೇ. ಬಯಾಪ್ಸಿಗೆ ನಮ್ಮವರು ಹೋಗುತ್ತಿದ್ದದ್ದು ಕಲಬುರಗಿ, ರಾಯಚೂರು, ವಿಜಯಪುರಕ್ಕೆ. ಈಗ ಯಾದಗಿರಿಗೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಅಲ್ಲಿನ ಚರ್ಮರೋಗ ವಿಭಾಗಕ್ಕೆ ಸಂಶೋಧನೆಯ ವಿಷಯ ಹುಡುಕಿಕೊಂಡು ದೂರ ಹೋಗುವ ಕೆಲಸವಿಲ್ಲ. ಹೊಸ ರೋಗಿಯ ಚೀಟಿಯಲ್ಲಿ ವಯಸ್ಸು, ವಿಳಾಸದ ಕೆಳಗೆ ‘ಕುಡಿಯುವ ನೀರು: ಯಾವ ಬೋರು, ಎಷ್ಟು ವರ್ಷದಿಂದ’ ಎಂಬ ಒಂದು ಸಾಲು ಅಚ್ಚು ಹಾಕಿಸಿದರೂ ಹತ್ತು ವರ್ಷದಲ್ಲಿ ಜಿಲ್ಲೆಯ ನಕ್ಷೆ ತಾನಾಗಿ ಮೂಡುತ್ತದೆ.

ಬೋರು ಯಾವುದು ಎಂದು ಕೇಳಲೇಬೇಕಾದದ್ದು ಯಾಕೆಂದರೆ, ಗಟ್ಟಿ ಬಂಡೆಯ ನೆಲದಲ್ಲಿ ನೀರು ಹರಿಯುವುದು ಬಿರುಕುಗಳಲ್ಲಿ. ಒಂದು ಬೋರಿನ ಬಿರುಕು ಖನಿಜದ ಎಳೆಯನ್ನು ಮುಟ್ಟಿರುತ್ತದೆ, ನೂರು ಹೆಜ್ಜೆ ಆಚೆಯದು ಮುಟ್ಟಿರುವುದಿಲ್ಲ. ಪಕ್ಕದವರ ಬೋರಿನ ವರದಿ ನಿಮ್ಮ ಬೋರಿಗೆ ಸಲ್ಲದು, ಹೋದ ವರ್ಷದ ವರದಿಯೂ ಬರದ ವರ್ಷಕ್ಕೆ ಸಾಲದು. ನೀರು ಕಾಯಿಸಿ ಕುಡಿಯಿರಿ ಎಂಬ ಎಲ್ಲರ ಬಾಯಿಯ ಬುದ್ಧಿಮಾತು ಇಲ್ಲಿ ಕೆಲಸಕ್ಕೆ ಬಾರದು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಆರ್ಸೆನಿಕ್ ಸಾಯುವ ಜೀವಿಯಲ್ಲ. ನೀರು ಆವಿಯಾದಷ್ಟು ಉಳಿದದ್ದು ಇನ್ನೂ ಗಾಢ. ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧ ನೀರಿನ ಘಟಕಗಳ ಆರ್‌ಒ ಪೊರೆ ಆರ್ಸೆನಿಕ್ಕಿನ ಒಂದು ರೂಪವನ್ನು ಚೆನ್ನಾಗಿ ತಡೆಯುತ್ತದೆ, ಇನ್ನೊಂದನ್ನು ಅಷ್ಟಾಗಿ ತಡೆಯದು. ಪೊರೆ ಹಳೆಯದಾದರೆ ಎರಡನ್ನೂ ಬಿಡುತ್ತದೆ. ಹಾಗಾಗಿ ಘಟಕದ ನೀರನ್ನೂ ಅಳೆಯಬೇಕು. ಕೃಷ್ಣೆ, ಭೀಮೆ ಎರಡೂ ಹರಿಯುವ, ನಾರಾಯಣಪುರದ ಬಸವಸಾಗರ ತುಂಬಿ ನಿಲ್ಲುವ ಜಿಲ್ಲೆ ಇದು. ನದಿಯ ನೀರನ್ನು ಸೋಸಿ ತಾಂಡಾದವರೆಗೆ ತರುವುದೇ ಗಟ್ಟಿಯಾದ ದಾರಿ, ಮತ್ತು ಆ ನಲ್ಲಿ ಬೇಸಗಿಯಲ್ಲೂ ಬರಬೇಕು. ಮೇ ತಿಂಗಳಲ್ಲಿ ಎಂಟು ದಿನಕ್ಕೊಮ್ಮೆ ನೀರು ಬಿಟ್ಟರೆ ಉಳಿದ ಏಳು ದಿನ ಜನ ಹಳೆಯ ಬೋರಿಗೇ ಹೋಗುತ್ತಾರೆ.

ಕಿರದಳ್ಳಿಯ ಅಧ್ಯಯನದಲ್ಲಿ ನೀರಿನಷ್ಟು ಸುದ್ದಿಯಾಗದ ಇನ್ನೊಂದು ಅಂಕಿ ಇದೆ. ಮೇಲ್ಮಣ್ಣಿನ 12 ಮಾದರಿಗಳನ್ನು ತೆಗೆದಿದ್ದರು. ಆರರಲ್ಲಿ ಆರ್ಸೆನಿಕ್ ಕಿಲೋಗೆ 2000 ಮಿಲಿಗ್ರಾಂ ಮೀರಿತ್ತು. ಸಾಮಾನ್ಯ ಮಣ್ಣಿನಲ್ಲಿ ಅದು ಹತ್ತರ ಆಸುಪಾಸು ಇರುತ್ತದೆ. ಗಣಿಯಿಂದ ಹೊರಬಿದ್ದ ಪುಡಿ ಊರಿನ ನೆಲಕ್ಕೆ ಹರಡಿರಬಹುದು ಎಂದು ಬರೆದವರು ಊಹಿಸಿದರು. ಮುಖ್ಯ ದಾರಿ ಕುಡಿಯುವ ನೀರೇ ಇದ್ದೀತು, ಆದರೆ ಮನೆಗಳ ಸುತ್ತಲಿನ ಈ ಮಣ್ಣು ಬಾಯಿಗೆ ಹೋಗುವುದನ್ನೂ ತಳ್ಳಿಹಾಕುವಂತಿಲ್ಲ ಎಂದು ಎಚ್ಚರಿಸಿದರು. ಇದರಲ್ಲಿ ನೆಲದ ಪಾಲೆಷ್ಟು, ಮನುಷ್ಯನ ಕೆಲಸದ ಪಾಲೆಷ್ಟು ಎಂದು ತಿಳಿಯಲು ಇನ್ನೂ ಅಧ್ಯಯನ ಬೇಕು ಎಂದೂ ಸೇರಿಸಿದರು. ನೀರನ್ನು ಪೈಪಿನಲ್ಲಿ ತರಬಹುದು. ಮಣ್ಣು ಅಂಗಳದಲ್ಲೇ ಇರುತ್ತದೆ. ಅದೇ ಮಣ್ಣಿನಲ್ಲಿ ಒಲೆ ಹಾಕುತ್ತಾರೆ, ಗೋಡೆ ಮೆತ್ತುತ್ತಾರೆ, ಕೋಳಿ ಕೆದರುತ್ತದೆ, ಅಂಬೆಗಾಲಿಡುವ ಕೂಸು ಮುಷ್ಟಿ ತುಂಬ ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತದೆ.